ಗುಂಡು ಹಾರಿಸುವ ಆಟ, ಗುಳಿಗೆ ನುಂಗುವ ಹುಡುಗ

ಕಲಾದಗಿಯ ನಮ್ಮ ಓಣಿಯಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬನಿಗೆ ರಕ್ತದ ಕ್ಯಾನ್ಸರ್ ಬಂತು. ತಂದೆ ದಾಳಿಂಬೆ ತೋಟಗಳಲ್ಲಿ ಹಣ್ಣು ಕಿತ್ತು ಪೆಟ್ಟಿಗೆ ತುಂಬುವ ಕೂಲಿ ಮಾಡುವವರು. ತಾಯಿ ಮಗನನ್ನು ಕರೆದುಕೊಂಡು ದೂರದ ನಗರದ ದೊಡ್ಡ ಆಸ್ಪತ್ರೆಗೆ ಎಂಟು ತಿಂಗಳು ಓಡಾಡಿದರು. ಹುಡುಗನ ಕೂದಲು ಉದುರಿತು, ಮುಖ ಊದಿತು, ಮತ್ತೆ ಇಳಿಯಿತು. ಕೊನೆಗೊಂದು ದಿನ ಕೊರಳಲ್ಲಿ ದರ್ಗಾದ ತಾಯಿತ, ಹಣೆಯಲ್ಲಿ ಗುಡಿಯ ಅಂಗಾರ, ತಲೆಯ ಮೇಲೆ ಎಳೆ ಹುಲ್ಲಿನಂಥ ಹೊಸ ಕೂದಲು ಹೊತ್ತು ಅವನು ಊರಿಗೆ ಮರಳಿದ. ನೋಡಲು ಬಂದವರೆಲ್ಲ ‘ಹುಡುಗ ಆರಾಮಾದ’ ಎಂದರು. ಆದರೆ ವೈದ್ಯರು ಬರೆದುಕೊಟ್ಟ ಚೀಟಿಯಲ್ಲಿ ಇನ್ನೂ ಎರಡು ವರ್ಷ ನುಂಗಬೇಕಾದ ಗುಳಿಗೆಗಳಿದ್ದವು.

ಒಂದು ಬೆಳಿಗ್ಗೆ ತಾಯಿ ಗಾದಿ ಎತ್ತಿ ಝಾಡಿಸಿದಾಗ ಕೆಳಗಿನಿಂದ ಹದಿನಾಲ್ಕು ಗುಳಿಗೆಗಳು ಉರುಳಿದವು. ಅವನ್ನು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಮನೆಗೆ ಬಂದರು. ‘ಅಣ್ಣಾರ, ದಿನಾ ಸಂಜಿಕ ಕೇಳತಿದ್ನಿರಿ. ತಗೊಂಡೆ ಅಂತಿದ್ದ. ಮೊಬೈಲ್ ಕೊಟ್ರಷ್ಟ ತಗೋತೀನಿ ಅಂದ, ಮೊಬೈಲೂ ಕೊಟ್ಟೆ. ಹಿಂಗ ಮಾಡ್ಯಾನ ನೋಡ್ರಿ’ ಎಂದು ಕಣ್ಣೊರೆಸಿಕೊಂಡರು. ನಾನು ಹೋಗಿ ನೋಡಿದರೆ ಹುಡುಗ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಯಾರಿಗೋ ಗುಂಡು ಹಾರಿಸುತ್ತಿದ್ದ. ಕಣ್ಣೆತ್ತದೆ ಹೇಳಿದ: ‘ಆರಾಮ ಆಗೇನಲ್ರಿ ಚಾಚಾ, ಮತ್ಯಾಕ ಗುಳಿಗಿ?’ ನಿನಗೆ ಏನಾಗಿತ್ತು ಗೊತ್ತೇನು ಎಂದು ಕೇಳಿದೆ. ‘ಜ್ವರಾ ಬಂದಿತ್ರಿ. ರಕ್ತ ಕಡಿಮಿ ಆಗಿತ್ತು’ ಎಂದ.

ಮೊಬೈಲ್ ಆಟವನ್ನು ನಾವು ಮಕ್ಕಳನ್ನು ಕೆಡಿಸುವ ವಸ್ತು ಎಂದೇ ಮಾತಾಡುತ್ತೇವೆ. ಮಸೀದಿಯ ಭಾಷಣದಲ್ಲೂ, ಶಾಲೆಯ ಪಾಲಕರ ಸಭೆಯಲ್ಲೂ ಈ ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಆದರೆ ಆ ದಿನ ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಗುಳಿಗೆಗೆ ಲಂಚವಾಗಿ ಕೊಟ್ಟ ಆ ಆಟವೇ ಅವನಿಗೆ ಗುಳಿಗೆ ಯಾಕೆ ಬೇಕೆಂದು ಹೇಳಿದ್ದರೆ? ಇಂಥದೊಂದು ಪ್ರಯತ್ನ ಜಗತ್ತಿನಲ್ಲಿ ನಡೆದಿದೆ. ಅದು ಎಷ್ಟು ಗೆದ್ದಿತು, ಎಲ್ಲಿ ಸೋತಿತು, ನಮ್ಮಂಥ ಊರಿನಲ್ಲಿ ಅದರಿಂದ ಕಲಿಯುವುದೇನು ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕಾಗಿದೆ.

*

‘ರೀ-ಮಿಷನ್’ ಎಂಬ ಆಟ ಅಮೆರಿಕದಲ್ಲಿ 2006ರಲ್ಲಿ ಬಂತು. ಪಾಮ್ ಓಮಿಡ್ಯಾರ್ ಎಂಬವರು ಕಟ್ಟಿದ ಹೋಪ್‌ಲ್ಯಾಬ್ ಎಂಬ ಲಾಭರಹಿತ ಸಂಸ್ಥೆ ಇದನ್ನು ಮಾಡಿಸಿ ಉಚಿತವಾಗಿ ಹಂಚಿತು. ಹೆಸರಿನಲ್ಲೇ ಒಂದು ಶ್ಲೇಷೆ ಇದೆ: ರೋಗ ಹಿಮ್ಮೆಟ್ಟಿರುವ ಸ್ಥಿತಿಗೆ ವೈದ್ಯರು ಬಳಸುವ ಪದವೂ ಅದೇ, ಮತ್ತೊಮ್ಮೆ ಕಾರ್ಯಾಚರಣೆಗೆ ಹೊರಡು ಎಂಬ ಅರ್ಥವೂ ಅದಕ್ಕಿದೆ. ಆಟದ ನಾಯಕಿ ರಾಕ್ಸಿ ಎಂಬ ಅತಿ ಸಣ್ಣ ಯಂತ್ರಕನ್ಯೆ. ಅವಳು ಕ್ಯಾನ್ಸರ್ ಬಂದ ಹುಡುಗ ಹುಡುಗಿಯರ ಮೈಯೊಳಗೆ ಇಳಿದು, ರಕ್ತನಾಳಗಳಲ್ಲಿ ಹಾರಾಡಿ, ಕ್ಯಾನ್ಸರಿನ ಜೀವಕೋಶಗಳಿಗೂ ಸೋಂಕಿನ ಕ್ರಿಮಿಗಳಿಗೂ ಗುಂಡು ಹಾರಿಸುತ್ತಾಳೆ. ಒಟ್ಟು 20 ಹಂತಗಳು. ಅವಳ ಬತ್ತಳಿಕೆಯಲ್ಲಿರುವುದು ಕೀಮೋ, ವಿಕಿರಣ ಮತ್ತು ಆಂಟಿಬಯೋಟಿಕ್.

ಮೊದಲ ನೋಟಕ್ಕೆ ಇದು ನಮ್ಮ ಹುಡುಗ ಕಟ್ಟೆಯ ಮೇಲೆ ಆಡುತ್ತಿದ್ದ ಆಟಕ್ಕಿಂತ ಬೇರೆಯೇನಲ್ಲ. ಅದೇ ಬಂದೂಕು, ಅದೇ ಬೇಟೆ. ಆದರೆ ಒಳಗೆ ಒಂದು ಜಾಣತನವಿದೆ. ಒಂದು ಕಡೆ ರೋಗಿ ಮನೆಯಲ್ಲಿ ಗುಳಿಗೆ ತಪ್ಪಿಸಿದ್ದಾನೆ. ಹಾಗಾಗಿ ರಾಕ್ಸಿಯ ಬಂದೂಕು ನಡುನಡುವೆ ಹುಸಿಹೋಗುತ್ತದೆ. ಉಳಿದುಕೊಂಡ ಜೀವಕೋಶಗಳು ಮದ್ದಿಗೆ ಬಗ್ಗದಂತಾಗುತ್ತವೆ. ‘ಗುಳಿಗೆ ತಪ್ಪಿಸಬೇಡ’ ಎಂದು ಹಿರಿಯರು ನೂರು ಸಲ ಹೇಳಿದರೂ ತಲೆಗೆ ಹೋಗದ ಮಾತು ಇಲ್ಲಿ ಬೆರಳ ತುದಿಗೆ ತಿಳಿಯುತ್ತದೆ.

ಇನ್ನೂ ಒಂದು ಸೂಕ್ಷ್ಮವಿದೆ. ಆಡುವ ಹುಡುಗ ಇಲ್ಲಿ ರೋಗಿಯಲ್ಲ. ಅವನು ಇನ್ನೊಬ್ಬ ರೋಗಿಯನ್ನು ಉಳಿಸಲು ಹೊರಟವನು. ಆಸ್ಪತ್ರೆಯಲ್ಲಿ ಅವನ ಕೈಗೆ ಸೂಜಿ ಚುಚ್ಚುವವರು ಬೇರೆಯವರು, ಏನು ತಿನ್ನಬೇಕೆಂದು ಹೇಳುವವರು ಬೇರೆಯವರು, ಯಾವಾಗ ಮನೆಗೆ ಹೋಗಬೇಕೆಂದು ತೀರ್ಮಾನಿಸುವವರೂ ಬೇರೆಯವರು. ತಿಂಗಳುಗಟ್ಟಲೆ ಎಲ್ಲವನ್ನೂ ಮಾಡಿಸಿಕೊಂಡವನು ಆಟದಲ್ಲಿ ಒಮ್ಮೆ ಮಾಡುವವನಾಗುತ್ತಾನೆ. ಇನ್ನೊಬ್ಬ ಹುಡುಗನ ಅಸಡ್ಡೆಯಿಂದ ತನ್ನ ಬಂದೂಕು ಕೈಕೊಟ್ಟಾಗ ಸಿಟ್ಟಾಗುತ್ತಾನೆ. ಆ ಸಿಟ್ಟು ಮರಳಿ ತನ್ನತ್ತಲೇ ತಿರುಗಿ ನೋಡುವಂತೆ ಮಾಡುತ್ತದೆ. ಬುದ್ಧಿಮಾತಿಗಿಂತ ಇದು ದೊಡ್ಡ ಉಪಾಯ.

ಉಪಾಯ ಚೆನ್ನಾಗಿದೆ ಎಂದ ಮಾತ್ರಕ್ಕೆ ಫಲ ಕೊಟ್ಟೀತೆಂದು ಹೇಳಲಾಗದು. ಹೋಪ್‌ಲ್ಯಾಬಿನವರು ಅದನ್ನು ಪರೀಕ್ಷೆಗೆ ಒಡ್ಡಿದ್ದೇ ಈ ಆಟದ ದೊಡ್ಡಗುಣ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳ 34 ಆಸ್ಪತ್ರೆಗಳಲ್ಲಿ 13ರಿಂದ 29 ವಯಸ್ಸಿನ 375 ಕ್ಯಾನ್ಸರ್ ರೋಗಿಗಳನ್ನು ಎರಡು ಗುಂಪು ಮಾಡಿದರು. ಎರಡು ಗುಂಪಿಗೂ ಕಂಪ್ಯೂಟರ್ ಮತ್ತು ಪೇಟೆಯಲ್ಲಿ ಸಿಗುವ ಒಂದು ಸಾಹಸದ ಆಟ ಕೊಟ್ಟರು. ಒಂದು ಗುಂಪಿಗೆ ಮಾತ್ರ ಅದರ ಜೊತೆಗೆ ರೀ-ಮಿಷನ್. ವಾರಕ್ಕೆ ಒಂದು ಗಂಟೆಯಾದರೂ ಆಡಿ ಎಂದರು. ಮೂರು ತಿಂಗಳು ಎಣಿಸಿದರು. ಹೇಗೆ ಎಣಿಸಿದರು ಎಂಬುದು ಇಲ್ಲಿ ಮುಖ್ಯ. ಆಂಟಿಬಯೋಟಿಕ್ ಗುಳಿಗೆಯ ಡಬ್ಬಿಯ ಮುಚ್ಚಳದಲ್ಲಿ ಒಂದು ಚಿಪ್ಪು ಇಟ್ಟಿದ್ದರು. ಮುಚ್ಚಳ ತೆರೆದಾಗಲೆಲ್ಲ ಅದು ಗುರುತು ಹಾಕಿಕೊಳ್ಳುತ್ತಿತ್ತು. ಕ್ಯಾನ್ಸರಿನ ಗುಳಿಗೆ ಮೈಯಲ್ಲಿ ಎಷ್ಟಿದೆಯೆಂದು ರಕ್ತ ತೆಗೆದು ನೋಡಿದರು.

ಫಲಿತಾಂಶ 2008ರಲ್ಲಿ ‘ಪೀಡಿಯಾಟ್ರಿಕ್ಸ್’ ಎಂಬ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ರೀ-ಮಿಷನ್ ಆಡಿದವರು ಬರೆದುಕೊಟ್ಟ ಆಂಟಿಬಯೋಟಿಕ್‌ನಲ್ಲಿ ಸುಮಾರು ಶೇ. 62ರಷ್ಟು ತೆಗೆದುಕೊಂಡಿದ್ದರು, ಆಡದವರು ಸುಮಾರು ಶೇ. 52ರಷ್ಟು. ಆಡಿದವರ ರಕ್ತದಲ್ಲಿ ಕ್ಯಾನ್ಸರಿನ ಮದ್ದೂ ಹೆಚ್ಚು ಸರಿಯಾಗಿ ಉಳಿದಿತ್ತು. ರೋಗದ ಬಗೆಗಿನ ತಿಳಿವಳಿಕೆ, ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಎರಡೂ ಏರಿದ್ದವು. ಆದರೆ ಮನಸ್ಸಿನ ಒತ್ತಡ ಕಡಿಮೆಯಾಗಿರಲಿಲ್ಲ, ಬದುಕಿನ ಗುಣಮಟ್ಟದ ಅಳತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ರೋಗಿಗಳ ಬಾಯಿಮಾತಿನ ಲೆಕ್ಕದಲ್ಲೂ ಎರಡು ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವನ್ನು ಹೇಳಿದ್ದು ಮುಚ್ಚಳ ಮತ್ತು ರಕ್ತ ಮಾತ್ರ.

ಇದನ್ನು ಓದುವಾಗ ನನಗೆ ಆ ಹದಿನಾಲ್ಕು ಗುಳಿಗೆಗಳು ನೆನಪಾದವು. ‘ತಗೊಂಡೆ’ ಎನ್ನುವ ಮಗು ಕಲಾದಗಿಯಲ್ಲಿ ಮಾತ್ರ ಇಲ್ಲ. ಎಲ್ಲ ಸೌಕರ್ಯವಿರುವ ಅಮೆರಿಕದ ಹುಡುಗರೂ ಸುಮಾರು ಅರ್ಧ ಗುಳಿಗೆಯನ್ನು ತಪ್ಪಿಸುತ್ತಿದ್ದರು. ಆಟ ಆಡಿದ ಮೇಲೂ ಹತ್ತರಲ್ಲಿ ನಾಲ್ಕು ಗುಳಿಗೆ ಹೊಟ್ಟೆಗೆ ಹೋಗಲಿಲ್ಲ. ಆದ್ದರಿಂದ ಆಟ ಪವಾಡವಲ್ಲ. ಆದರೆ ಆ ಹತ್ತು ಶೇಕಡದ ಅಂತರ ಸಣ್ಣದೂ ಅಲ್ಲ. ಭಾರತ ಮೂಲದ ವೈದ್ಯೆ ಸ್ಮಿತಾ ಭಾಟಿಯಾ ಅವರ ತಂಡ 2012ರಲ್ಲಿ ಅಮೆರಿಕದ ಮಕ್ಕಳಲ್ಲಿ ಕಂಡುಕೊಂಡ ಸಂಗತಿ ಎದೆ ನಡುಗಿಸುವಂಥದು: ರಕ್ತದ ಕ್ಯಾನ್ಸರಿನ ಮಕ್ಕಳಲ್ಲಿ ಶೇ. 95ಕ್ಕಿಂತ ಕಡಿಮೆ ಗುಳಿಗೆ ತೆಗೆದುಕೊಂಡವರಿಗೆ ರೋಗ ಮರುಕಳಿಸುವ ಸಾಧ್ಯತೆ ಎರಡು ಪಟ್ಟಿಗಿಂತಲೂ ಹೆಚ್ಚು. ತಿಂಗಳಿಗೆ ಎರಡೇ ಗುಳಿಗೆ ತಪ್ಪಿಸಿದರೂ ಆ ಗೆರೆಯ ಕೆಳಗೆ ಇಳಿದಂತೆ. ಕೂದಲು ಬೆಳೆದು, ಮೈ ಕೈ ತುಂಬಿ, ಓಣಿಯೆಲ್ಲ ಆರಾಮಾದ ಎಂದು ಹೇಳುವ ಹೊತ್ತಿನಲ್ಲೇ ಅಪಾಯ ಗಾದಿಯ ಕೆಳಗೆ ಕೂತಿರುತ್ತದೆ.

*

ಹಾಗಾದರೆ ಅದೇ ವಿಷಯವನ್ನು ಟಿವಿಯಲ್ಲಿ ತೋರಿಸಿದರೆ ಸಾಲದೆ? ನಮ್ಮ ವಾರ್ಡುಗಳಲ್ಲಿ ಸೂಜಿ ಚುಚ್ಚುವ ಹೊತ್ತಿಗೆ ತಾಯಂದಿರು ಮಗುವಿನ ಮುಖದ ಮುಂದೆ ಮೊಬೈಲಿನ ಕಾರ್ಟೂನು ಹಿಡಿಯುವುದನ್ನು ಎಲ್ಲರೂ ಕಂಡಿದ್ದೇವೆ. ಇದಕ್ಕೆ ಉತ್ತರವಾಗಬಲ್ಲ ಒಂದು ಅಧ್ಯಯನ 2012ರಲ್ಲಿ ಬಂತು. ರೀ-ಮಿಷನ್‌ನ್ನು ಕೆಲವು ವಿದ್ಯಾರ್ಥಿಗಳಿಗೆ ಆಡಲು ಕೊಟ್ಟು, ಇನ್ನು ಕೆಲವರಿಗೆ ಅದೇ ಆಟವನ್ನು ಸುಮ್ಮನೆ ನೋಡಲು ಬಿಟ್ಟು, ಮಿದುಳಿನ ಸ್ಕ್ಯಾನ್ ತೆಗೆದರು. ಕಣ್ಣಿಗೆ, ಕಿವಿಗೆ ಬಿದ್ದದ್ದು ಇಬ್ಬರಿಗೂ ಒಂದೇ. ಆದರೆ ಹುಮ್ಮಸ್ಸಿಗೆ, ಫಲದ ನಿರೀಕ್ಷೆಗೆ ಸಂಬಂಧಪಟ್ಟ ಮಿದುಳಿನ ಭಾಗಗಳು ಎಚ್ಚರಗೊಂಡದ್ದು ಆಡುವವರಲ್ಲಿ. ನೋಡುವುದು ಬೇರೆ, ಆಡುವುದು ಬೇರೆ. ಜಾತ್ರೆಯಲ್ಲಿ ಕುಸ್ತಿ ನೋಡಿದವನಿಗೂ ಕಣಕ್ಕಿಳಿದವನಿಗೂ ಇರುವ ಅಂತರವನ್ನು ಬಲ್ಲ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೋವಿನ ವಿಷಯದಲ್ಲೂ ಇಂಥದೇ ಅನುಭವವಿದೆ. ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ 1990ರ ದಶಕದಲ್ಲಿ ಸುಟ್ಟಗಾಯದ ರೋಗಿಗಳೊಡನೆ ಕೆಲಸ ಮಾಡಿದರು. ಸುಟ್ಟ ಮೈಯ ಪಟ್ಟಿ ಬಿಚ್ಚಿ ತೊಳೆಯುವಾಗಿನ ನೋವು ಮೊದಲು ಸುಟ್ಟಾಗಿನ ನೋವಿಗೆ ಕಡಿಮೆಯದಲ್ಲ. ಅವರು ‘ಸ್ನೋವರ್ಲ್ಡ್’ ಎಂಬ ಆಟ ಮಾಡಿದರು. ಕಣ್ಣಿಗೆ ಯಂತ್ರ ಕಟ್ಟಿಕೊಂಡ ರೋಗಿ ಹಿಮದ ಕಣಿವೆಯೊಳಗೆ ತೇಲುತ್ತಾ ಹಿಮಮಾನವರಿಗೆ, ಪೆಂಗ್ವಿನ್‌ಗಳಿಗೆ ಹಿಮದುಂಡೆ ಎಸೆಯುತ್ತಾನೆ. ನೋವಿಗೆ ಗಮನ ಬೇಕು. ಗಮನ ಬೇರೆ ಕಡೆ ಹೋದರೆ ನೋವೂ ಅಷ್ಟು ಇಳಿಯುತ್ತದೆ ಎಂಬುದು ಅದರ ಹಿಂದಿನ ವಿಚಾರ. ನೋವಿನ ಮದ್ದಿನ ಬದಲಿಗಲ್ಲ, ಮದ್ದಿನ ಜೊತೆಗೆ ಅದನ್ನು ಕೊಟ್ಟಾಗ ರೋಗಿಗಳು ನೋವು ಕಡಿಮೆಯಾಯಿತೆಂದರು. ಬೆಂಕಿಗೆ ಹಿಮವನ್ನು ಎದುರು ನಿಲ್ಲಿಸಿದ ಆ ಕಲ್ಪನೆಯಲ್ಲಿ ಕರುಣೆಯಿದೆ.

*

ಇಷ್ಟೆಲ್ಲ ಒಪ್ಪಿದ ಮೇಲೂ ರೀ-ಮಿಷನ್ ಬಗ್ಗೆ ನನ್ನದೊಂದು ತಕರಾರಿದೆ. ಅದು ಗುಂಡಿನದು.

ಕ್ಯಾನ್ಸರ್ ಎಂದರೆ ನಾವು ಯುದ್ಧದ ಭಾಷೆಯನ್ನೇ ಆಡುತ್ತೇವೆ. ಪತ್ರಿಕೆಗಳಲ್ಲಿ ‘ಕ್ಯಾನ್ಸರ್ ಗೆದ್ದ ನಟಿ’, ‘ಕ್ಯಾನ್ಸರ್ ವಿರುದ್ಧ ಹೋರಾಡಿ ಸೋತ ನಾಯಕ’ ಎಂಬ ತಲೆಬರಹಗಳು. ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ ತಾವೇ ಈ ರೋಗವನ್ನು ಅನುಭವಿಸಿ 1978ರಲ್ಲಿ ಬರೆದ ‘ಇಲ್‌ನೆಸ್ ಆ್ಯಸ್ ಮೆಟಾಫರ್’ ಎಂಬ ಪುಸ್ತಕದಲ್ಲಿ ಈ ರೂಪಕವನ್ನು ಕಟುವಾಗಿ ಪ್ರಶ್ನಿಸಿದರು. ಯುದ್ಧ ಎಂದ ಮೇಲೆ ಸೋಲು ಇರುತ್ತದೆ, ಸೋಲಿಗೆ ಹೊಣೆಗಾರ ಇರುತ್ತಾನೆ. ರಾಕ್ಸಿ ಗುರಿ ತಪ್ಪಿದರೆ ಆಟವನ್ನು ಮತ್ತೆ ಮೊದಲಿನಿಂದ ಶುರು ಮಾಡಬಹುದು. ಗುಳಿಗೆಯನ್ನು ಒಂದೂ ತಪ್ಪಿಸದ ಮಗುವಿಗೇ ರೋಗ ಮರುಕಳಿಸಿದರೆ? ‘ನಾನು ಚೆನ್ನಾಗಿ ಹೋರಾಡಲಿಲ್ಲ’ ಎಂದು ಆ ಮಗು ತಿಳಿದರೆ ಅದಕ್ಕೆ ಉತ್ತರ ಕೊಡುವವರು ಯಾರು? ಆಟಕ್ಕೆ ಆ ಉತ್ತರ ಗೊತ್ತಿಲ್ಲ. ಗೆಲ್ಲಲೇಬೇಕಾದ ಆಟದಲ್ಲಿ ಸೋತವರಿಗೆ ಜಾಗವಿಲ್ಲ.

ಆ ಜಾಗವನ್ನು ಮಾಡಿಕೊಟ್ಟದ್ದು ಹತ್ತು ವರ್ಷ ತಡವಾಗಿ ಬಂದ ಇನ್ನೊಂದು ಆಟ. 2016ರ ಜನವರಿಯಲ್ಲಿ ಹೊರಬಂದ ‘ದಟ್ ಡ್ರ್ಯಾಗನ್, ಕ್ಯಾನ್ಸರ್’ ಅನ್ನು ರಯನ್ ಗ್ರೀನ್, ಏಮಿ ಗ್ರೀನ್ ದಂಪತಿಗಳು ತಮ್ಮ ಗೆಳೆಯರೊಡನೆ ಸೇರಿ ಮಾಡಿದರು. ಅವರ ಮಗ ಜೋಯೆಲ್‌ಗೆ ಒಂದು ವರ್ಷವಾಗಿದ್ದಾಗ ಮಿದುಳಿನ ಕ್ಯಾನ್ಸರ್ ಪತ್ತೆಯಾಗಿತ್ತು. ಆಟ ತಯಾರಾಗುತ್ತಿರುವಾಗಲೇ, 2014ರಲ್ಲಿ, ಐದು ವರ್ಷದ ಆ ಮಗು ತೀರಿಕೊಂಡಿತು. ಅಪ್ಪ ಅಮ್ಮ ಆಟವನ್ನು ನಿಲ್ಲಿಸಲಿಲ್ಲ, ಬದಲಿಸಿದರು. ಸುಮಾರು ಎರಡು ಗಂಟೆಯಲ್ಲಿ ಮುಗಿಯುವ ಈ ಕೃತಿಗೆ ಮುಂದೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯೂ ಬಂತು.

ಇದರಲ್ಲಿ ಒಂದು ದೃಶ್ಯ ಮರೆಯಲಾಗದ್ದು. ಆಸ್ಪತ್ರೆಯ ಕೋಣೆಯಲ್ಲಿ ಅಪ್ಪನಿದ್ದಾನೆ, ಮಗು ಬಾಯಾರಿ ಅಳುತ್ತಿದೆ. ಆಡುವವರು ಹಣ್ಣಿನ ರಸ ಕೊಡಬಹುದು, ಎತ್ತಿಕೊಳ್ಳಬಹುದು, ಕೋಣೆಯಲ್ಲಿ ಅತ್ತಿಂದಿತ್ತ ನಡೆಯಬಹುದು. ಏನು ಒತ್ತಿದರೂ ಅಳು ನಿಲ್ಲುವುದಿಲ್ಲ. ಕೊನೆಗೆ ಅಪ್ಪ ಪ್ರಾರ್ಥನೆಗೆ ಕೂರುತ್ತಾನೆ. ಇನ್ನೊಂದು ಕಡೆ ಆಸ್ಪತ್ರೆಯ ಓಣಿಯಂಥ ಹಾದಿಗಳಲ್ಲಿ ಪುಟ್ಟ ಗಾಡಿಯ ಪಂದ್ಯ. ದಾರಿಯಲ್ಲಿ ಬಣ್ಣಬಣ್ಣದ ವಸ್ತುಗಳನ್ನು ನಾವು ಉತ್ಸಾಹದಿಂದ ಬಾಚಿಕೊಳ್ಳುತ್ತೇವೆ. ಪಂದ್ಯ ಮುಗಿದಾಗ ತಿಳಿಯುತ್ತದೆ, ಬಾಚಿಕೊಂಡದ್ದೆಲ್ಲ ಮಗುವಿನ ಮೈಗೆ ಹೋದ ಮದ್ದುಗಳು. ಆಟದ ಧರ್ಮವೇ ಮಾಡಿದ್ದಕ್ಕೆ ಫಲ ಕೊಡುವುದು. ಈ ಆಟ ಆ ಧರ್ಮವನ್ನು ಬೇಕೆಂದೇ ಮುರಿಯುತ್ತದೆ. ಹಾಗೆ ಮುರಿದು, ರೋಗಿಯ ಮಂಚದ ಪಕ್ಕ ರಾತ್ರಿ ಕಳೆದ ಪ್ರತಿಯೊಬ್ಬ ತಂದೆತಾಯಿಯ ಅಸಹಾಯಕತೆಯನ್ನು ನಮ್ಮ ಕೈಗೆ ದಾಟಿಸುತ್ತದೆ. ಗ್ರೀನ್ ದಂಪತಿಗಳ ನಂಬಿಕೆ ಕ್ರೈಸ್ತರದು. ಆದರೆ ನಂಬಿಕೆ ಮತ್ತು ಸಂಶಯದ ನಡುವೆ ಅವರು ಕಳೆದ ಆ ರಾತ್ರಿ ಯಾವ ಧರ್ಮದ ತಂದೆಗೂ ಅಪರಿಚಿತವಲ್ಲ.

ಕಲಾಕೃತಿಯಾಗಿ ರೀ-ಮಿಷನ್‌ಗಿಂತ ಇದು ಬಹಳ ಎತ್ತರದ್ದು. ಆದರೂ ಗುಳಿಗೆ ನುಂಗುತ್ತಿರುವ ಹುಡುಗನ ಕೈಗೆ ನಾನು ಇದನ್ನು ಕೊಡಲಾರೆ. ಇದು ಹಿರಿಯರಿಗಾಗಿ, ಕಳೆದುಕೊಂಡವರಿಗಾಗಿ, ಪಕ್ಕದ ಮನೆಯವರ ದುಃಖ ಅರಿಯದ ನಮ್ಮಂಥವರಿಗಾಗಿ ಮಾಡಿದ ಕೃತಿ. ಬದುಕುವ ಭರವಸೆ ಗಟ್ಟಿಯಾಗಿರುವ ಮಗುವಿಗೆ ಬೇಕಾದದ್ದು ಬೇರೆ. ಮಕ್ಕಳ ರಕ್ತದ ಕ್ಯಾನ್ಸರಿನ ಬಹುಸಾಮಾನ್ಯ ಬಗೆಯಲ್ಲಿ, ಚಿಕಿತ್ಸೆ ಪೂರ್ತಿಯಾದರೆ, ಶ್ರೀಮಂತ ದೇಶಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುತ್ತಾರೆ. ಅಂಥ ಮಗುವಿಗೆ ಸುಳ್ಳು ಶೌರ್ಯವೂ ಬೇಡ, ಸಾವಿನ ಧ್ಯಾನವೂ ಬೇಡ. ತನ್ನ ಮೈಯಲ್ಲಿ ಏನಾಗುತ್ತಿದೆ ಎಂಬ ತಿಳಿವು ಬೇಕು, ಅದರಲ್ಲಿ ತನಗೂ ಒಂದು ಪಾಲಿನ ಕೆಲಸ ಇದೆ ಎಂಬ ಮರ್ಯಾದೆ ಬೇಕು. ಒಳ್ಳೆಯ ಆಟದ ಅಳತೆಗೋಲು ಇದೇ ಎಂದು ನನಗೆ ತೋರುತ್ತದೆ. ಹೊತ್ತು ಕಳೆಯಿತೇ ಎಂದಲ್ಲ, ಮಗು ಸುಮ್ಮನಾಯಿತೇ ಎಂದಲ್ಲ. ಆಟ ನಿಂತ ಮೇಲೆ ಮಗುವಿಗೆ ತನ್ನ ಮೈ ಸ್ವಲ್ಪವಾದರೂ ತನ್ನದಾಯಿತೇ ಎಂಬುದು.

*

ಈ ಅಳತೆಗೋಲನ್ನು ಹಿಡಿದು ನಮ್ಮ ಕಡೆಗೆ ಬಂದರೆ ಮೊದಲು ಎಡವುವುದು ಮೌನಕ್ಕೆ. ರೀ-ಮಿಷನ್ ಆಡುವ ಹುಡುಗನಿಗೆ ತನಗೆ ಕ್ಯಾನ್ಸರ್ ಇದೆ ಎಂದು ಗೊತ್ತಿರಲೇಬೇಕು. ಗೊತ್ತಿಲ್ಲದಿದ್ದರೆ ಆ ಆಟದಲ್ಲಿ ಅವನಿಗೆ ಸಂಬಂಧಪಟ್ಟದ್ದು ಏನೂ ಇಲ್ಲ. ನಮ್ಮಲ್ಲಿ ಆ ಹೆಸರನ್ನು ಮಗುವಿನ ಮುಂದೆ ಎತ್ತುವುದೇ ಅಪಶಕುನ. ರೋಗಿಯನ್ನು ಕಾಣಲು ಹೋಗುವುದು ಪುಣ್ಯದ ಕೆಲಸವೆಂದು ನಂಬಿದವರು ನಾವು. ಹಣ್ಣು ಹಿಡಿದು ಹೋಗುತ್ತೇವೆ. ಮಗುವಿನ ತಲೆ ಸವರುತ್ತೇವೆ. ಆಮೇಲೆ ತಾಯಿಯನ್ನು ಪಡಸಾಲೆಗೆ ಕರೆದು ದನಿ ತಗ್ಗಿಸಿ ‘ಅದs ಏನ್ರಿ?’ ಎನ್ನುತ್ತೇವೆ. ಒಳಗಿನ ಹುಡುಗನಿಗೆ ಆ ತಗ್ಗಿದ ದನಿ ಕೇಳಿಸದೆ ಇರುತ್ತದೆಯೇ? ಏನೋ ಘನಘೋರವಾದದ್ದು ಇದೆ, ಅದು ನನಗೆ ಹೇಳಬಾರದ್ದು ಎಂದು ಅವನು ತಿಳಿಯುತ್ತಾನೆ. ಹೆಸರಿಲ್ಲದ ರೋಗಕ್ಕೆ ಹೆಸರಿಲ್ಲದ ಗುಳಿಗೆ. ಅದನ್ನು ಅವನು ಗಾದಿಯ ಕೆಳಗೆ ಇಟ್ಟರೆ ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಎರಡನೆಯದು ದೂರ. ಬಾಗಲಕೋಟೆಗೆ 2002ರಲ್ಲಿ ವೈದ್ಯಕೀಯ ಕಾಲೇಜು ಬಂತು. ಆದರೂ ಮಕ್ಕಳ ಕ್ಯಾನ್ಸರ್ ಎಂದ ಕೂಡಲೇ ಇಳಕಲ್ಲು, ಹುನಗುಂದ, ಬಾದಾಮಿಗಳ ಅನೇಕ ಕುಟುಂಬಗಳು ಹುಬ್ಬಳ್ಳಿಯ ಬಸ್ಸು ಹತ್ತುತ್ತವೆ, ಇಲ್ಲವೇ ಒಂದು ರಾತ್ರಿಯ ಪ್ರಯಾಣ ಮಾಡಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗುತ್ತವೆ. ಸ್ವಾತಂತ್ರ್ಯ ಹೋರಾಟಗಾರ, ಕೇಂದ್ರ ಸಚಿವ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನ ಆ ಸಂಸ್ಥೆ 1973ರಿಂದ ನಾಡಿನ ಬಡ ರೋಗಿಗಳ ಆಸರೆಯಾಗಿದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆ ಆಸ್ಪತ್ರೆಯ ಖರ್ಚಿನ ಭಾರವನ್ನು ಇಳಿಸಿದೆ. ಆದರೆ ಮಗನ ಜೊತೆ ಹೋದ ನೇಕಾರ ತಾಯಿಯ ಕಳೆದುಹೋದ ಕೂಲಿಯನ್ನು, ಮನೆಯಲ್ಲಿ ಉಳಿದ ಉಳಿದೆರಡು ಮಕ್ಕಳ ಊಟವನ್ನು ಯಾವ ಕಾರ್ಡೂ ತುಂಬುವುದಿಲ್ಲ. ಮಕ್ಕಳ ಕ್ಯಾನ್ಸರ್ ಕುರಿತು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಒಂದು ಅಭಿಯಾನ ಶುರು ಮಾಡಿತು. 2030ರ ಹೊತ್ತಿಗೆ ಜಗತ್ತಿನಾದ್ಯಂತ ನೂರರಲ್ಲಿ ಅರವತ್ತು ಮಕ್ಕಳಾದರೂ ಉಳಿಯಬೇಕೆಂಬುದು ಅದರ ಗುರಿ. ಬಡ ದೇಶಗಳಲ್ಲಿ ಅಷ್ಟು ಮಕ್ಕಳು ಉಳಿಯದಿರುವುದಕ್ಕೆ ಅದು ಕೊಡುವ ಕಾರಣಗಳಲ್ಲಿ ಒಂದು, ಚಿಕಿತ್ಸೆಯನ್ನು ನಡುವೆ ಕೈಬಿಡುವುದು. ಬಸ್ ಚಾರ್ಜಿಗೆ ದುಡ್ಡಿಲ್ಲದೆ ಕೈಬಿಟ್ಟ ಚಿಕಿತ್ಸೆಯನ್ನು ಯಾವ ರಾಕ್ಸಿಯೂ ಮುಂದುವರಿಸಲಾರಳು. ಆಟದ ಗುಣಗಾನ ಮಾಡುವಾಗ ಈ ಮಾತನ್ನು ಮರೆತರೆ ಅದು ಬಡವರಿಗೆ ಮಾಡುವ ಮೋಸ.

ಮೂರನೆಯದು ಚಟದ ಭಯ. ಇದು ಸುಳ್ಳು ಭಯವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲೇ ತಂತ್ರಜ್ಞಾನದ ಅತಿಬಳಕೆಗೆ ಸಿಕ್ಕವರಿಗಾಗಿ ‘ಶಟ್’ ಎಂಬ ಕ್ಲಿನಿಕ್ ತೆರೆಯಿತು. ಆಟದ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ರೋಗಗಳ ಪಟ್ಟಿಗೆ ಸೇರಿಸಿತು. ಆದರೆ ಅದು ಹೇಳಿದ ಲಕ್ಷಣಗಳನ್ನು ಗಮನಿಸಬೇಕು: ಹಿಡಿತ ತಪ್ಪುವುದು, ಬದುಕಿನ ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿಯಾಗುತ್ತಿದ್ದರೂ ಬಿಡಲಾಗದಿರುವುದು. ಆಡಿದವರೆಲ್ಲ ರೋಗಿಗಳೆಂದು ಅದು ಹೇಳಿಲ್ಲ. ರೀ-ಮಿಷನ್ ಪ್ರಯೋಗದಲ್ಲಿ ಕೇಳಿದ್ದು ವಾರಕ್ಕೆ ಒಂದು ಗಂಟೆ. ನಮ್ಮ ಹುಡುಗ ಆಡುತ್ತಿದ್ದದ್ದು ದಿನಕ್ಕೆ ನಾಲ್ಕು ಗಂಟೆ. ಯಾಕೆಂದರೆ ಸೋಂಕಿನ ಭಯಕ್ಕೆ ಶಾಲೆ ಇಲ್ಲ, ಗೆಳೆಯರು ಹತ್ತಿರ ಬರುವುದಿಲ್ಲ, ಕೀಮೋದಿಂದ ಕಾಲು ಬಲ ಕಳೆದುಕೊಂಡು ಬಗರಿ ಆಡುವ ಹುಡುಗರ ಹಿಂದೆ ಓಡಲಾಗುವುದಿಲ್ಲ. ಅವನಿಗೆ ಹತ್ತಿದ್ದು ಆಟದ ಚಟವೋ, ಒಂಟಿತನವೋ? ಮೊಬೈಲ್ ಕಿತ್ತುಕೊಂಡರೆ ಮೊದಲನೆಯದು ಬಿಟ್ಟೀತು, ಎರಡನೆಯದು ಬಿಡುವುದಿಲ್ಲ.

ಹೀಗಾಗಿ ಯಂತ್ರ ಕೊಡುವುದಷ್ಟೇ ಸೇವೆಯಾಗದು. ಅಮೆರಿಕದಲ್ಲಿ 2003ರಿಂದ ‘ಚೈಲ್ಡ್ಸ್ ಪ್ಲೇ’ ಎಂಬ ಸಂಸ್ಥೆ ಮಕ್ಕಳ ಆಸ್ಪತ್ರೆಗಳಿಗೆ ಆಟಗಳನ್ನೂ ಯಂತ್ರಗಳನ್ನೂ ಕೊಡುತ್ತಾ ಬಂದಿದೆ. ಆಟದ ಪ್ರೇಮಿಗಳೇ ಚಂದಾ ಎತ್ತಿ ನಡೆಸುವ ಸೇವೆ ಅದು. ಮುಂದೆ ಮಕ್ಕಳ ಪಕ್ಕದಲ್ಲಿ ಕೂತು ಆಡಿಸಬಲ್ಲ ಸಿಬ್ಬಂದಿಯ ಸಂಬಳಕ್ಕೂ ಅದು ನೆರವು ಕೊಡತೊಡಗಿತು. ಈ ಎರಡನೆಯ ಹೆಜ್ಜೆಯೇ ನಮಗೆ ಪಾಠ. ನಮ್ಮಲ್ಲಿ ದಾನಿಗಳು ಬಂದು ಟ್ಯಾಬ್ ಹಂಚಿ, ಫೋಟೋ ತೆಗೆಸಿಕೊಂಡು ಹೋಗಬಹುದು. ಮರುದಿನ ಆ ಟ್ಯಾಬ್ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕೂರುತ್ತದೆ. ಮಂಚದ ಪಕ್ಕ ಒಬ್ಬ ಮನುಷ್ಯ ಕೂರದೆ ಯಾವ ಆಟವೂ ಮದ್ದಾಗದು.

ಆ ಮನುಷ್ಯನಿದ್ದರೆ ದುಬಾರಿ ಯಂತ್ರವೇ ಬೇಕೆಂದಿಲ್ಲ. ನಮ್ಮ ಕಡೆ ಚೌಕಾಬಾರಾ ಗೊತ್ತಿಲ್ಲದ ಮನೆಯಿಲ್ಲ, ಹುಲಿ-ಕುರಿ ಆಡದ ಕಟ್ಟೆಯಿಲ್ಲ. ಹಿಂಡಾಗಿ ನಿಂತ ಕುರಿಗಳು ಒಂದೊಂದೇ ಹೆಜ್ಜೆಯಿಟ್ಟು ಹುಲಿಯನ್ನು ಅಲುಗಾಡದಂತೆ ಕಟ್ಟಿಹಾಕುವ ಆ ಆಟದಲ್ಲಿ ರಾಕ್ಸಿಯ ಬಂದೂಕಿಗಿಂತ ನಿಜವಾದ ರೂಪಕವಿದೆ ಎಂದು ನನಗನ್ನಿಸುತ್ತದೆ. ರಕ್ತದ ಕ್ಯಾನ್ಸರಿನ ಚಿಕಿತ್ಸೆ ಒಂದೇ ಗುಂಡಿಗೆ ಮುಗಿಯುವ ಬೇಟೆಯಲ್ಲ. ದಿನಕ್ಕೊಂದು ಕಾಯಿ ನಡೆಸುತ್ತಾ ಎರಡು ವರ್ಷ ಹುಲಿಗೆ ದಾರಿ ಬಿಡದೆ ಕಾಯುವ ತಾಳ್ಮೆ ಅದು. ಒಂದು ಮನೆ ಖಾಲಿ ಬಿಟ್ಟರೆ ಹುಲಿ ಹಾರುತ್ತದೆ. ಕನ್ನಡದ ಹುಡುಗ ಹುಡುಗಿಯರು ಇಂದು ಬೆಂಗಳೂರಿನ ಕಂಪನಿಗಳಲ್ಲಿ ಕೂತು ಜಗತ್ತಿಗೆಲ್ಲ ಸಾಫ್ಟ್‌ವೇರ್ ಬರೆಯುತ್ತಿದ್ದಾರೆ. ಅವರಲ್ಲಿ ನಾಲ್ಕು ಜನ ಮಕ್ಕಳ ವೈದ್ಯರ ಜೊತೆ ಕೂತು, ಸಾದಾ ಮೊಬೈಲಿನಲ್ಲಿ ಇಂಟರ್‌ನೆಟ್ ಇಲ್ಲದೆಯೂ ನಡೆಯುವ, ಉತ್ತರ ಕರ್ನಾಟಕದ ಮಾತಿನಲ್ಲೇ ಮಾತಾಡುವ ಒಂದು ಹುಲಿ-ಕುರಿ ಆಟವನ್ನು ಈ ಮಕ್ಕಳಿಗಾಗಿ ಮಾಡಿದರೆ ಅದು ದೊಡ್ಡ ಸೇವೆಯಾದೀತು. ಮಾಡಿದ ಮೇಲೆ ಹೋಪ್‌ಲ್ಯಾಬಿನವರಂತೆ ಅದನ್ನು ಪರೀಕ್ಷೆಗೂ ಒಡ್ಡಬೇಕು. ಒಳ್ಳೆಯ ಉದ್ದೇಶವೊಂದೇ ಸಾಕು ಎನ್ನುವುದು ರೋಗಿಯ ವಿಷಯದಲ್ಲಿ ಸಲ್ಲದು.

ನಮ್ಮ ಓಣಿಯ ಹುಡುಗನ ಮಾತಿಗೆ ಬರುತ್ತೇನೆ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ತಾಯಿ ಧೈರ್ಯ ಮಾಡಿ ವೈದ್ಯರಿಗೆ ಎಲ್ಲ ಹೇಳಿದರು. ವೈದ್ಯರು ಹುಡುಗನನ್ನೇ ಎದುರಿಗೆ ಕೂರಿಸಿಕೊಂಡು, ಹಾಳೆಯ ಮೇಲೆ ಚಿತ್ರ ಬರೆದು, ರೋಗದ ಹೆಸರು ಹೇಳಿದರಂತೆ. ಹುಡುಗ ಅಳಲಿಲ್ಲವಂತೆ. ‘ಇಷ್ಟs ಏನ್ರಿ? ನಾ ಸಾಯತೀನಿ ಅಂತ ತಿಳ್ಕೊಂಡಿದ್ನಿ’ ಎಂದನಂತೆ. ಇಷ್ಟು ದಿನ ಆ ಮಗು ಹೊತ್ತು ತಿರುಗಿದ್ದು ಎಂಥ ಭಾರವನ್ನು ಎಂದು ತಾಯಿಗೆ ಆಗ ತಿಳಿಯಿತು.

ಈಗ ಅವರ ಮನೆಯ ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ ಒಂದು ರಟ್ಟು ಇದೆ. ತಿಂಗಳ ದಿನಗಳಷ್ಟು ಮನೆಗಳನ್ನು ಹುಡುಗನೇ ಗೀರಿದ್ದಾನೆ, ನಡುವೆ ಒಂದು ಹುಲಿ ಬರೆದಿದ್ದಾನೆ. ಸಂಜೆ ಗುಳಿಗೆ ನುಂಗಿದ ಮೇಲೆ ಒಂದು ಮನೆಗೆ ಕುರಿ ಬರೆಯುತ್ತಾನೆ. ತಾಯಿ ವಾರಕ್ಕೊಮ್ಮೆ ಗುಳಿಗೆಯ ಡಬ್ಬಿ ಸುರುವಿ ಎಣಿಸುತ್ತಾರೆ; ಆ ಮಟ್ಟಿಗೆ ಅಮೆರಿಕದ ಚಿಪ್ಪಿನ ಕೆಲಸ ಅವರದು. ಮೊಬೈಲಿನಲ್ಲಿ ಗುಂಡು ಹಾರಿಸುವುದನ್ನು ಹುಡುಗ ಪೂರ್ತಿ ಬಿಟ್ಟಿಲ್ಲ. ಮೊನ್ನೆ ನಾನು ಹೋದಾಗ ರಟ್ಟಿನಲ್ಲಿ ಒಂದು ಮನೆ ಖಾಲಿ ಇತ್ತು. ‘ಇದೇನಪಾ?’ ಎಂದೆ. ‘ಅವತ್ತ ವಾಂತಿ ಆತ್ರಿ ಚಾಚಾ, ಗುಳಿಗಿ ಹೊರಗ ಬಂತು. ಅದಕ್ಕ ಬರದಿಲ್ಲ’ ಎಂದ. ಸುಳ್ಳು ಕುರಿ ಬರೆಯುವುದು ಅವನಿಗೆ ಕಷ್ಟವೇನೂ ಇರಲಿಲ್ಲ. ಅವನು ಬರೆದಿರಲಿಲ್ಲ.